ಅಪ್‌ಡೇಟ್: ರೀಫ್ ಟ್ಯಾಂಕಿಗೆ ಕೊನೆಗೂ ನೀರು ಸಿಕ್ಕಿತು

ಹುಬ್ಬಳ್ಳಿಯಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಲು ನಲ್ಲಿ ನೀರು, ಬೋರ್ ನೀರು, ಕಾರವಾರದ ಸಮುದ್ರದ ನೀರು, ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮೂರನ್ನೂ ಬಿಟ್ಟೆ. ಆರ್‌ಒ-ಡಿಐ ನೀರಿಗೆ (ಆರ್‌ಒ ಮೆಂಬ್ರೇನ್‌ನಲ್ಲಿ ಸೋಸಿ, ಉಳಿದ ಲವಣವನ್ನೂ ಡಿಐ ರೆಸಿನ್‌ನಿಂದ ತೆಗೆದ ನೀರು) ಹವಳದ ಟ್ಯಾಂಕಿಗೆಂದೇ ಸಿಗುವ ರೀಫ್ ಉಪ್ಪು ಬೆರೆಸಿದ್ದೇನೆ.

ನಮ್ಮ ಬೋರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣ, ಖನಿಜಗಳ ಅಳತೆ) 900 ದಾಟಿತು, ಅದರ ಮಾತೇ ಬೇಡ. ಮಲಪ್ರಭೆಯ ನಲ್ಲಿ ನೀರು ಕುಡಿಯಲು ಚೆನ್ನಾಗಿದೆ. ಆದರೆ ಕ್ಲೋರಿನ್ ಇರುತ್ತದೆ, ಫಾಸ್ಫೇಟ್, ಸಿಲಿಕೇಟ್ ಸ್ವಲ್ಪ ಇದ್ದರೂ ಪಾಚಿಗೆ ಹಬ್ಬ. ಕಾರವಾರದ ನೀರಿನ ಆಸೆ ನನಗೆ ಜಾಸ್ತಿ ಇತ್ತು. ಆದರೆ ಅಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ ಅಲ್ವಾ, ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದುಬಿಡುತ್ತದೆ.

ಅಡುಗೆಮನೆಯ ಆರ್‌ಒ ನೀರು ಸಾಕಾಗಲ್ವಾ ಅಂತ ಒಬ್ಬರು ಕೇಳಿದ್ದರು. ನಮ್ಮ ಆರ್‌ಒ ನೀರಿಗೆ ಟಿಡಿಎಸ್ ಮೀಟರ್ 55 ತೋರಿಸಿತು. ರುಚಿಗೆ ಅಂತ ಖನಿಜ ಸೇರಿಸುವ ಕಾರ್ಟ್ರಿಜ್ ಅದರಲ್ಲಿದೆ. ಹಾಗಾಗಿ ಮೆಂಬ್ರೇನ್ ದಾಟಿದ ಕೂಡಲೇ, ಆ ಕಾರ್ಟ್ರಿಜ್‌ಗೂ ಮುಂಚೆ ಇನ್ನೊಂದು ಪೈಪ್ ಎಳೆದು ಡಿಐ ರೆಸಿನ್ ಜೋಡಿಸಿದೆವು. ಮೀಟರ್ ಸೊನ್ನೆಗೆ ಬಂದಾಗ ಆದ ಖುಷಿ ಹೇಳತೀರದು!

ಡ್ರಮ್ಮಿಗೆ ಮೊದಲು ನೀರು, ಆಮೇಲೆ ಪಂಪ್ ಓಡುತ್ತಿರುವಾಗಲೇ ಉಪ್ಪು, ಸ್ವಲ್ಪ ಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ. ಮರುದಿನ 25 ಡಿಗ್ರಿಯಲ್ಲಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.026 ಸಾಪೇಕ್ಷ ಸಾಂದ್ರತೆ ತೋರಿಸಿತು, ಅಂದರೆ ಸುಮಾರು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು). ನೀರು ಆರಿ ಕಡಿಮೆಯಾದರೆ ಉಪ್ಪಿಲ್ಲದ ಡಿಐ ನೀರನ್ನೇ ತುಂಬುತ್ತಿದ್ದೇನೆ, ಉಪ್ಪು ಆವಿಯಾಗುವುದಿಲ್ಲವಲ್ಲ.

ಸದ್ಯ ಒಳಗೆ ಕಲ್ಲು, ಮರಳು ಮಾತ್ರ ಇದೆ. ಹೊಸ ಟ್ಯಾಂಕಿನಲ್ಲಿ ಏರುವ, ಮೀನಿಗೆ ಅಪಾಯವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಮೀನು ಬಿಡುವುದಿಲ್ಲ.