ಅಪ್‌ಡೇಟ್: ಅಪ್ಪನ ಕಿವಿ ಪರೀಕ್ಷೆ ಆಯ್ತು

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ನಡೆಸುವ ಅಪ್ಪನಿಗೆ ಕಿವಿ ಮಂದವಾಗಿದೆ, ಒಳಗೆ ಗುಂಯ್ ಅನ್ನುತ್ತೆ, ಬಿಸಿ ಎಣ್ಣೆ ಬಿಡಬಹುದಾ ಅಂತ ಕೇಳಿದ್ದೆ. ಬೇಡ, ಮೊದಲು ಪರೀಕ್ಷೆ ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದಾಗೆಲ್ಲ ಅಪ್ಪ ಬೆರಳೆತ್ತಬೇಕು. ಯಾವ ಸದ್ದು ಎಷ್ಟು ಕೇಳಿಸುತ್ತೆ ಅಂತ ತೋರಿಸುವ ನಕ್ಷೆ, ಅಂದರೆ ಆಡಿಯೋಗ್ರಾಮ್‌ನ ಗೆರೆ 4000 ಹರ್ಟ್ಸ್ (ಕೀಚಲು ಸದ್ದು) ಹತ್ತಿರ ಗುಂಡಿ ಬಿದ್ದ ಹಾಗೆ ಇಳಿದಿತ್ತು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದವರಲ್ಲಿ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಮಾತು ಕೇಳಿಸುತ್ತೆ, ಆದರೆ ‘ಸ’, ‘ತ’, ‘ಕ’ ಬಿಡಿಸಿ ತಿಳಿಯಲ್ಲ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಣ್ಣೆ ಅಲ್ಲಿಗೆ ತಲುಪುವುದೂ ಇಲ್ಲ, ಕಿವಿತಮಟೆ ಅಡ್ಡ ಇರುತ್ತೆ ಅಲ್ವಾ?

ಎರಡೂ ಕಿವಿಗೆ ಹಿಯರಿಂಗ್ ಏಡ್ ಬಂದಿದೆ. ಗುಂಯ್ ಪೂರ್ತಿ ಹೋಗಿಲ್ಲ. ಮಷೀನ್ ಹಾಕಿಕೊಂಡಾಗ ಮಾತ್ರ ಅಷ್ಟು ಕಾಡುವುದಿಲ್ಲ.

ನನಗೆ ಈಗ ಜಾಸ್ತಿ ಚಿಂತೆ ತಮ್ಮನದು, ಅವನೂ ಮಗ್ಗದ ಮುಂದೆಯೇ ಇರುತ್ತಾನೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ದಾಟಿದರೆ ಕಿವಿಗೆ ಅಪಾಯ. ಹತ್ತಿ ಸಾಲದು. ಫೋಮ್ ಇಯರ್‌ಪ್ಲಗ್ ಕೊಡಿಸಿದ್ದೇನೆ. ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಸುಮ್ನೆ ತುದಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ.