ಬಾಣಲೆ ಕೆಟ್ಟಿಲ್ಲ, ಉರಿ ಜಾಸ್ತಿಯಾಗಿದೆ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಕೆಲಸ ಮಾಡಿಕೊಳ್ಳುತ್ತಲೇ ಕೇಳಿ.

ಪುಟ್ಟಿ, ಬೆಳಗ್ಗೆ ನೀನು ಹಾಕಿದ ಫೋಟೋ ನೋಡಿದೆ. ಹೊಸ ಸ್ಟೀಲ್ ಬಾಣಲೆ, ತಂದು ಹತ್ತು ದಿನವೂ ಆಗಿಲ್ಲ. ಮೊಟ್ಟೆ ತಳಕ್ಕೆ ಅಂಟಿಕೊಂಡಿದೆ. ಅಂಚಿನ ಸುತ್ತ ಕಂದು ಬಣ್ಣದ ಜಿಡ್ಡು. ಅಲ್ಲಲ್ಲಿ ಕಾಮನಬಿಲ್ಲಿನ ಹಾಗೆ ನೀಲಿ, ಹಳದಿ ಛಾಯೆ. "ತಣ್ಣಗಿನ ಬಾಣಲೆಗೆ ಎಣ್ಣೆ ಹಾಕಿ, ಪೂರ್ತಿ ಉರಿ ಮಾಡಿ, ಮೊಟ್ಟೆ ಒಡೆದು ಹಾಕಿದೆ, ಹೀಗಾಯಿತು, ಯಾರಿಗಾದರೂ ಕೊಟ್ಟುಬಿಡುತ್ತೇನೆ" ಅಂತ ಬರೆದಿದ್ದೀಯ. ಕೊಡಬೇಡ. ಆ ಬಾಣಲೆಗೆ ಏನೂ ಆಗಿಲ್ಲ. ಉರಿ ಜಾಸ್ತಿಯಾಗಿದೆ, ಕಾಯುವುದಕ್ಕೆ ಕೊಟ್ಟ ಸಮಯ ಕಡಿಮೆಯಾಗಿದೆ. ಅಷ್ಟೇ.

ಹೇಗೆ ಅಂತ ಹೇಳುತ್ತೇನೆ ಕೇಳು. ಸ್ಟೇನ್‌ಲೆಸ್ ಸ್ಟೀಲು ಕಾವನ್ನು ಹರಡುವುದರಲ್ಲಿ ತುಂಬಾ ನಿಧಾನ. ಲೋಹಗಳು ಶಾಖ ಸಾಗಿಸುವ ಶಕ್ತಿಯನ್ನು ಅಳೆಯುವ ಒಂದು ಲೆಕ್ಕ ಇದೆ. ಅದರಲ್ಲಿ ತಾಮ್ರ ಸುಮಾರು 400, ಅಲ್ಯೂಮಿನಿಯಂ ಸುಮಾರು 235, ಎರಕದ ಕಬ್ಬಿಣ 50ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲು 15ರ ಹತ್ತಿರ. ಎಷ್ಟು ವ್ಯತ್ಯಾಸ ನೋಡು. ಅದಕ್ಕೇ ಒಳ್ಳೆ ಸ್ಟೀಲ್ ಬಾಣಲೆಯನ್ನು ಮೂರು ಪದರದಲ್ಲಿ ಮಾಡುತ್ತಾರೆ. ಒಳಗೂ ಹೊರಗೂ ಸ್ಟೀಲು, ನಡುವೆ ಅಲ್ಯೂಮಿನಿಯಂ. ನೀನು ದುಡ್ಡು ಕೊಟ್ಟದ್ದು ಮುಖ್ಯವಾಗಿ ಕಣ್ಣಿಗೆ ಕಾಣದ ಆ ನಡುವಿನ ಪದರಕ್ಕೆ. ಕಾವನ್ನು ತಳದ ತುಂಬಾ ಹರಡುವ ಕೆಲಸ ಅದರದ್ದು. ಆದರೆ ಅದಕ್ಕೂ ಎರಡು ಮೂರು ನಿಮಿಷ ಬೇಕಲ್ವಾ? ಪೂರ್ತಿ ಉರಿ ಕೊಟ್ಟು ತಕ್ಷಣ ಮೊಟ್ಟೆ ಹಾಕಿದರೆ, ಜ್ವಾಲೆ ತಾಗಿದ ಕಡೆ ಎಣ್ಣೆ ಸೀಯುತ್ತದೆ, ಪಕ್ಕದಲ್ಲೇ ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಮೊಟ್ಟೆ ಎರಡೂ ಕಡೆ ಹಿಡಿಯುತ್ತದೆ.

ಹಿಡಿಯುವುದು ಯಾಕೆ ಅಂದರೆ, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿರುವ ಪ್ರೋಟೀನು ಹಸಿಯಾಗಿ ಬರೀ ಲೋಹಕ್ಕೆ ತಾಗಿದರೆ ಅಲ್ಲೇ ಬೆಸೆದುಕೊಳ್ಳುತ್ತದೆ. ತಳ ಸರಿಯಾಗಿ ಕಾದು, ಮೇಲೆ ಎಣ್ಣೆಯ ತೆಳು ಪದರ ಇದ್ದರೆ, ತಾಗಿದ ಕ್ಷಣವೇ ಅದರ ಮೈ ಗಟ್ಟಿಯಾಗುತ್ತದೆ. ಒಳಗಿನ ನೀರು ಹಬೆಯಾಗಿ ಅದನ್ನು ಸ್ವಲ್ಪ ಮೇಲೆತ್ತುತ್ತದೆ. ಆಮೇಲೆ ಅದು ತಾನಾಗಿ ಬಿಡುತ್ತದೆ.

ಹಾಗಾದರೆ ಕಾದಿದೆ ಅಂತ ತಿಳಿಯುವುದು ಹೇಗೆ? ನೀರಿನ ಹನಿ. ಖಾಲಿ ಬಾಣಲೆಯನ್ನು ಮಧ್ಯಮ ಉರಿಯಲ್ಲಿಟ್ಟು ಎರಡು ಮೂರು ನಿಮಿಷ ಬಿಡು. ಬೆರಳಿನಿಂದ ಒಂದು ಹನಿ ಚಿಮುಕಿಸು. ಹನಿ ಚುಂಯ್ ಅಂತ ಕುದಿದು ಆರಿಹೋದರೆ ಇನ್ನೂ ಆಗಿಲ್ಲ. ಹನಿ ಒಡೆಯದೆ, ಪಾದರಸದ ಗುಂಡಿನ ಹಾಗೆ ಉರುಳಾಡಿದರೆ ಆಯಿತು. ಆಗ ತಳ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಿರುತ್ತದೆ. ಹನಿ ತನ್ನದೇ ಹಬೆಯ ಮೇಲೆ ತೇಲುತ್ತಿರುತ್ತದೆ, ಲೋಹಕ್ಕೆ ತಾಗುವುದೇ ಇಲ್ಲ. ಇದನ್ನು 1756ರಲ್ಲಿ ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯರು ಬರೆದಿಟ್ಟರು. ಅವರು ನೋಡಿದ್ದು ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚದಲ್ಲಿ ನೀರು ಹಾಕಿ. ನಮ್ಮ ಅಡುಗೆಮನೆಯ ಒಂದು ಚಮಚದಲ್ಲಿ ಇಷ್ಟು ಇದೆ ಅಂತ ನನಗೆ ಇವತ್ತಿಗೂ ಬೆರಗಾಗುತ್ತದೆ.

ಇಲ್ಲೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಹನಿ ಉರುಳುವ ಆ ಕಾವು ಮಾಂಸಕ್ಕೆ, ಮೀನಿಗೆ ಸರಿ. ಮೊಟ್ಟೆಗೆ ಅದು ಹೆಚ್ಚು. ಹನಿ ಉರುಳಿದ ಮೇಲೆ ಉರಿ ಸಣ್ಣ ಮಾಡಿ, ಒಂದು ನಿಮಿಷ ಬಿಟ್ಟು, ನೀರು ಒರೆಸಿ, ಆಮೇಲೆ ಎಣ್ಣೆ ಹಾಕು. ಬಾಣಲೆಯನ್ನು ಓರೆ ಮಾಡಿದಾಗ ಎಣ್ಣೆ ನೀರಿನಷ್ಟು ಸಲೀಸಾಗಿ ಹರಿಯಬೇಕು, ಹೊಗೆ ಬರಬಾರದು. ಮೊಟ್ಟೆ ಫ್ರಿಜ್ಜಿನಿಂದ ತೆಗೆದ ತಕ್ಷಣ ಹಾಕಬೇಡ, ತಳ ತಣ್ಣಗಾಗುತ್ತದೆ. ಹಾಕಿದ ಮೇಲೆ ಕೈ ಕಟ್ಟಿಕೊಂಡು ನಿಲ್ಲು. ಕೆದಕಬೇಡ. ಬಿಡದೆ ಇದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ, ಇನ್ನರ್ಧ ನಿಮಿಷ ಕೊಡು. ಮೀನಾದರೆ ಮೊದಲು ಬಟ್ಟೆಯಿಂದ ಚೆನ್ನಾಗಿ ಒತ್ತಿ ಒಣಗಿಸು. ಒದ್ದೆ ಇದ್ದರೆ ಆ ನೀರು ಆರುವವರೆಗೆ ಅದರ ಮೈ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗುವುದೇ ಇಲ್ಲ.

ಈಗ ಆ ಕಲೆಗಳ ವಿಷಯ. ಭಾವ ಕೆಳಗೆ ಬರೆದಿದ್ದಾರೆ, "ಕಬ್ಬಿಣದ ನಾರು ಹಾಕಿ ಚೆನ್ನಾಗಿ ಉಜ್ಜು, ಹೋಗುತ್ತದೆ" ಅಂತ. ಭಾವ, ಬೇಸರ ಮಾಡಿಕೊಳ್ಳಬೇಡಿ, ಇದಕ್ಕೆ ಅದು ಬೇಡ. ಗೀರು ಬೀಳುತ್ತದೆ. ನಾರಿನ ಸಣ್ಣ ಚೂರು ಉಳಿದರೆ ಅದು ತುಕ್ಕು ಹಿಡಿದು, ಸ್ಟೀಲೇ ತುಕ್ಕು ಹಿಡಿಯಿತೇನೋ ಅನ್ನಿಸುತ್ತದೆ. ಬಾಣಲೆಗೆ ಎರಡು ಬೆರಳು ನೀರು ಹಾಕಿ, ಒಂದು ಚಮಚ ಅಡುಗೆ ಸೋಡಾ ಹಾಕಿ, ಹತ್ತು ನಿಮಿಷ ಕುದಿಸಿ. ಮರದ ಸೌಟಿನಿಂದ ಮೆಲ್ಲಗೆ ತಳ್ಳಿದರೆ ಹತ್ತಿಕೊಂಡದ್ದು ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆ ಕಾಮನಬಿಲ್ಲಿನ ಛಾಯೆ ಕೊಳೆಯಲ್ಲ. ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿ ಜೊತೆ ಸೇರಿ ತೆಳು ಪದರ ಕಟ್ಟಿಕೊಂಡಿರುತ್ತದೆ, ತುಕ್ಕು ಹಿಡಿಯದಂತೆ ಕಾಯುವುದು ಅದೇ. ಜಾಸ್ತಿ ಕಾದರೆ ಆ ಪದರ ದಪ್ಪವಾಗಿ ಬೆಳಕು ಬಣ್ಣಬಣ್ಣವಾಗಿ ಕಾಣುತ್ತದೆ. ತಣ್ಣಗಾದ ಮೇಲೆ ಸ್ವಲ್ಪ ವಿನೆಗರ್ ಹಾಕಿ ಒರೆಸು, ಹೋಗುತ್ತದೆ. ನೀರಿನ ಬಿಳಿ ಚುಕ್ಕೆಗಳಿಗೂ ಅದೇ ಮದ್ದು. ಕಂದು ಜಿಡ್ಡು ಮಾತ್ರ ಹಠಮಾರಿ. ಸೋಡಾ ಪೇಸ್ಟ್ ಹಚ್ಚಿ ಉಜ್ಜು. ಆಗಲೂ ಬಗ್ಗದಿದ್ದರೆ ಆಕ್ಸಾಲಿಕ್ ಆಮ್ಲ ಇರುವ ಸ್ಟೀಲ್ ಕ್ಲೀನರ್ ಪುಡಿ ಸಿಗುತ್ತದೆ, ಕೈಗೆ ಗ್ಲೌಸ್ ಹಾಕಿಕೊಂಡು ಬಳಸು, ಆಮೇಲೆ ಚೆನ್ನಾಗಿ ತೊಳೆ. ಅದರ ಜೊತೆ ಬ್ಲೀಚ್ ಮಾತ್ರ ಬೆರೆಸಲೇಬೇಡ, ವಿಷದ ಗಾಳಿ ಏಳುತ್ತದೆ. ಬ್ಲೀಚ್ ಒಂದನ್ನೇ ಹಾಕಿದರೂ ಸ್ಟೀಲಿಗೆ ಕೆಡುಕೇ.

ಉಪ್ಪು! ಅದನ್ನು ಹೇಳಲೇಬೇಕು. ತಣ್ಣೀರಿಗೆ ಉಪ್ಪು ಹಾಕಿ ಒಲೆ ಮೇಲೆ ಇಡಬೇಡಿ. ಕರಗದ ಉಪ್ಪು ತಳದಲ್ಲಿ ಕೂತು ಆ ರಕ್ಷಣೆಯ ಪದರವನ್ನು ತಿನ್ನುತ್ತದೆ, ಸಣ್ಣ ಸಣ್ಣ ಗುಳಿ ಬೀಳುತ್ತವೆ. ಗುಳಿ ಬಿದ್ದರೆ ಯಾವ ಪುಡಿಯೂ ತೆಗೆಯುವುದಿಲ್ಲ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ, ಒಂದು ಸಲ ಕೈಯಾಡಿಸಿ.

ಇನ್ನೊಂದು, ಬಿಸಿ ಬಾಣಲೆಯನ್ನು ನಲ್ಲಿ ಕೆಳಗೆ ಹಿಡಿಯುವುದು. ನಾನೇ ಇದನ್ನು ಮಾಡಿದ್ದೇನೆ. ನನ್ನ ಮೊದಲ ಒಳ್ಳೆಯ ಬಾಣಲೆ ಅದು, ಕೂಡಿಟ್ಟ ದುಡ್ಡಿನಲ್ಲಿ ತಂದದ್ದು. ಅವಸರದಲ್ಲಿ ಒಲೆಯಿಂದ ಇಳಿಸಿ ನೇರ ತಣ್ಣೀರಿಗೆ ಹಿಡಿದೆ. ಟಣ್ ಅಂತ ಒಂದು ಸದ್ದು ಬಂತು. ಅವತ್ತಿನಿಂದ ತಳ ಮೇಲಕ್ಕೆ ಉಬ್ಬಿಕೊಂಡಿತು. ಎಣ್ಣೆ ಹಾಕಿದರೆ ನಡುವೆ ನಿಲ್ಲದೆ ಅಂಚಿಗೆ ಓಡುತ್ತಿತ್ತು. ಒಂದು ಕ್ಷಣದ ಕೆಲಸ, ಸರಿ ಮಾಡಲು ಆಗಲೇ ಇಲ್ಲ. ಆ ಸದ್ದು ಈಗಲೂ ಕಿವಿಯಲ್ಲಿದೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಆರಲಿ, ಆಮೇಲೆ ತೊಳೆಯಿರಿ. ಇಂಡಕ್ಷನ್ ಒಲೆ ಇರುವವರು ಖಾಲಿ ಪಾತ್ರೆಯನ್ನು ಅತಿ ಹೆಚ್ಚಿನ ಅಂಕಿಗೆ ಇಡಬೇಡಿ, ಅಲ್ಲೂ ತಳ ಡೊಂಕಾಗುತ್ತದೆ.

ಚಿಕ್ಕಮ್ಮ, ನಿಮ್ಮ ಪ್ರಶ್ನೆಗೆ ಬಂದೆ. ಕಬ್ಬಿಣದ ಬಾಣಲೆಗೆ ಸೋಪು ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಹಾಕಬಾರದು ಅನ್ನುವ ಮಾತು ಹಳೆಯ ಕಾಲದ ಸೋಪಿನದು, ಅದರಲ್ಲಿ ಕ್ಷಾರ ಉಳಿದಿರುತ್ತಿತ್ತು. ಈಗಿನ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಹಾಕಿದರೆ ಪಳಗಿದ ಬಾಣಲೆಗೆ ಏನೂ ಆಗುವುದಿಲ್ಲ. ಕಬ್ಬಿಣಕ್ಕೆ ಶತ್ರು ಅಂದರೆ ನೀರು. ನೆನೆಹಾಕಬೇಡಿ. ತೊಳೆದು, ಒರೆಸಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟು ಪೂರ್ತಿ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಡಿ.

ಪಳಗುವುದು ಅಂದರೆ ಏನು ಗೊತ್ತಾ? ಪುಟ್ಟಿಯ ಸ್ಟೀಲಿನ ಅಂಚಿನಲ್ಲಿ ಕೂತಿದೆಯಲ್ಲ ಆ ಕಂದು ಜಿಡ್ಡು, ಅದೇ. ಎಣ್ಣೆ ಹೆಚ್ಚು ಕಾದಾಗ ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಸ್ಟೀಲಿನ ಮೇಲೆ ನಾವು ಅದನ್ನು ಉಜ್ಜಿ ತೆಗೆಯುತ್ತೇವೆ, ಕಬ್ಬಿಣದ ಮೇಲೆ ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತೇವೆ. ನಿಮ್ಮ ಬಾಣಲೆಗೆ ತುಕ್ಕು ಬಂದಿದ್ದರೂ ಹೆದರಬೇಡಿ. ಭಾವ ಹೇಳಿದ ಕಬ್ಬಿಣದ ನಾರು ಇಲ್ಲಿ ಕೆಲಸಕ್ಕೆ ಬರುತ್ತದೆ. ತುಕ್ಕು ಪೂರ್ತಿ ಹೋಗುವ ತನಕ ಉಜ್ಜಿ, ತೊಳೆದು ಒಣಗಿಸಿ. ಒಳಗೆ ಹೊರಗೆ ಹಿಡಿಗೆ ಎಲ್ಲಾ ಕಡೆ ಎಣ್ಣೆ ಸವರಿ. ಆಮೇಲೆ ತಪ್ಪಿ ಹಚ್ಚಿಬಿಟ್ಟೆವೇನೋ ಅನ್ನುವ ಹಾಗೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಿ. ಒರೆಸಿದ ಮೇಲೂ ಉಳಿಯುತ್ತದಲ್ಲ, ಅಷ್ಟೇ ಸಾಕು. ಹೆಚ್ಚಾದರೆ ಅಂಟಂಟಾಗುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಓವನ್ ಇದ್ದರೆ 230 ಡಿಗ್ರಿಯಲ್ಲಿ ಬೋರಲು ಹಾಕಿ ಒಂದು ಗಂಟೆ ಇಡಿ, ಒಳಗೇ ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಓವನ್ ಇಲ್ಲದಿದ್ದರೆ ಒಲೆ ಮೇಲೇ, ಕಿಟಕಿ ತೆಗೆದಿಟ್ಟು, ಹೊಗೆ ನಿಲ್ಲುವ ತನಕ. ಅಗಸೆ ಎಣ್ಣೆಯೇ ಆಗಬೇಕು ಅಂತ ಕೆಲವರು ಹೇಳುತ್ತಾರೆ. ಅದರ ಪದರ ಗಟ್ಟಿಯೇನೋ ಹೌದು, ಆದರೆ ಹೊಟ್ಟು ಹೊಟ್ಟಾಗಿ ಏಳುವುದೂ ಉಂಟು. ಮನೆಯಲ್ಲಿರುವ ಸೂರ್ಯಕಾಂತಿ ಎಣ್ಣೆ ಸಾಕು. ಪದರ ಹೊಸದಾಗಿರುವಾಗ ಟೊಮೇಟೊ, ನಿಂಬೆರಸ ಹಾಕಿ ತುಂಬಾ ಹೊತ್ತು ಕುದಿಸಬೇಡಿ, ಹುಳಿ ಅದನ್ನು ಕಿತ್ತುಬಿಡುತ್ತದೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಹಾಕಲೇಬೇಡಿ. ಸ್ಟೀಲು ಉಬ್ಬುತ್ತದೆ, ಇದು ಸೀಳಿಯೇ ಹೋಗಬಹುದು.

ನಾನ್‌ಸ್ಟಿಕ್ ಬಗ್ಗೆ ಚಿಕ್ಕದಾಗಿ, ಆದರೆ ದಯವಿಟ್ಟು ಗಮನ ಇಟ್ಟು ಕೇಳಿ. ಆ ಲೇಪನ 1938ರಲ್ಲಿ ರಾಯ್ ಪ್ಲಂಕೆಟ್ ಅನ್ನುವವರ ಕೈಗೆ ಆಕಸ್ಮಿಕವಾಗಿ ಸಿಕ್ಕಿದ್ದು, ಟೆಫ್ಲಾನ್ ಅಂತ ಹೆಸರಾಯಿತು. ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡಲು ಶುರುವಾಗುತ್ತದೆ. ಖಾಲಿ ಪಾತ್ರೆ ಜೋರು ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅಷ್ಟು ಕಾಯುತ್ತದೆ. ಇನ್ನೂ ಕಾದರೆ ಏಳುವ ಹೊಗೆ ಮನುಷ್ಯರಿಗೂ ಒಳ್ಳೆಯದಲ್ಲ, ಸಾಕಿದ ಹಕ್ಕಿಗಳನ್ನು ಕೊಂದೇಬಿಡುತ್ತದೆ. ಮನೆಯಲ್ಲಿ ಹಕ್ಕಿ ಇದ್ದರೆ ಅಡುಗೆಮನೆಯಿಂದ ದೂರ ಇಡಿ. ಸ್ಟೀಲಿಗೆ ಹೇಳಿದ ನೀರಿನ ಹನಿ ಪರೀಕ್ಷೆಯನ್ನು ನಾನ್‌ಸ್ಟಿಕ್ಕಿಗೆ ಮಾಡಬೇಡಿ, ಅದನ್ನು ಖಾಲಿ ಕಾಯಿಸುವುದೇ ಬೇಡ. ಸಣ್ಣ ಉರಿ, ಮರದ ಸೌಟು, ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ. ಹಾಗಿದ್ದರೂ ಕೆಲವು ವರ್ಷಕ್ಕೆ ಲೇಪನ ಸವೆಯುತ್ತದೆ. ಅದಕ್ಕೆ ನಾನ್‌ಸ್ಟಿಕ್ಕಿಗೆ ಜಾಸ್ತಿ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ತಾಮ್ರದ ಪಾತ್ರೆ ಇರುವವರಿಗೆ ಒಂದೇ ಮಾತು. ಒಳಗಿನ ಕಲಾಯಿ ತವರದ್ದು, 232 ಡಿಗ್ರಿಗೆ ಕರಗುತ್ತದೆ. ಖಾಲಿ ಕಾಯಿಸಬೇಡಿ. ಕಲಾಯಿ ಹೋಗಿದ್ದರೆ ಮತ್ತೆ ಹಾಕಿಸುವ ತನಕ ಅದರಲ್ಲಿ ಹುಳಿ ಪದಾರ್ಥ ಬೇಡ.

ಅಕ್ಕ, ನೀವು ದೊಡ್ಡ ಸೆಟ್ ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ ಬೇಡ. ಹತ್ತು ಪಾತ್ರೆಯ ಸೆಟ್ಟಿನಲ್ಲಿ ನಾಲ್ಕು ಸುಮ್ನೆ ಕಪಾಟಿನಲ್ಲಿ ಕೂರುತ್ತವೆ. ಅದೇ ದುಡ್ಡಿಗೆ ಮೂರು ಪದರದ ಒಂದು ಬಾಣಲೆ, ಮುಚ್ಚಳ ಇರುವ ಒಂದು ಆಳದ ಪಾತ್ರೆ, ಒಂದು ಕಬ್ಬಿಣದ್ದು ತೆಗೆದುಕೊಳ್ಳಿ. ಪದರ ತಳಕ್ಕೆ ಮಾತ್ರ ಇದೆಯಾ, ಅಂಚಿನವರೆಗೂ ಇದೆಯಾ ಅಂತ ಕೇಳಿ. ಸಾಂಬಾರಿನಂಥದ್ದನ್ನು ಕುದಿಸುವ ಪಾತ್ರೆಗೆ ತಳದಲ್ಲಿದ್ದರೆ ಸಾಕು, ಹುರಿಯುವುದಕ್ಕೆ ಅಂಚಿನವರೆಗೂ ಬೇಕು. ಇಂಡಕ್ಷನ್ ಇದ್ದರೆ ಒಂದು ಆಯಸ್ಕಾಂತ ಒಯ್ದು ಹೊರ ತಳಕ್ಕೆ ಹಿಡಿಯಿರಿ, ಗಟ್ಟಿಯಾಗಿ ಅಂಟಿದರೆ ಮಾತ್ರ ಆ ಒಲೆಯಲ್ಲಿ ಪಾತ್ರೆ ಕಾಯುತ್ತದೆ. 18/10 ಅಂತ ಬರೆದಿರುತ್ತದಲ್ಲ, ಅಂದರೆ ನೂರಕ್ಕೆ 18 ಭಾಗ ಕ್ರೋಮಿಯಂ, 10 ಭಾಗ ನಿಕ್ಕಲ್, ಆ ಸ್ಟೀಲಿಗೆ ಆಯಸ್ಕಾಂತ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಹೊರಗಿನ ಪದರ ಬೇರೆ ಸ್ಟೀಲಿನದ್ದಾಗಿರಬೇಕು. ಸಮತಟ್ಟು ಜಾಗದಲ್ಲಿ ಇಟ್ಟು ಅಲುಗಾಡುತ್ತದಾ ನೋಡಿ. ತುಂಬಿದಾಗ ನಿಮ್ಮ ಕೈಯಲ್ಲಿ ಎತ್ತಲು ಆಗುತ್ತದಾ ಅಂತಲೂ ಯೋಚಿಸಿ. ಮಣಿಕಟ್ಟು ನೋವು ಇರುವವರಿಗೆ ದೊಡ್ಡ ಎರಕದ ಕಬ್ಬಿಣ ನಾನು ಹೇಳುವುದಿಲ್ಲ.

ಪುಟ್ಟಿ, ಇವತ್ತು ರಾತ್ರಿ ಆ ಸೋಡಾ ನೀರು ಕುದಿಸಿ ಇಡು. ನಾಳೆ ಬೆಳಗ್ಗೆ ಒಂದೇ ಒಂದು ಮೊಟ್ಟೆ ಹಾಕಿ ನೋಡು, ಮಧ್ಯಮ ಉರಿ, ನೀರಿನ ಹನಿ, ಆಮೇಲೆ ಸಣ್ಣ ಉರಿ. ಅಂಟಿಕೊಂಡರೂ ಪರವಾಗಿಲ್ಲ, ಎಷ್ಟು ನಿಮಿಷ ಕಾಯಿಸಿದೆ ಅಂತ ಬರೆದು ಕಳಿಸು, ಸೇರಿ ಸರಿ ಮಾಡೋಣ. ಚಿಕ್ಕಮ್ಮ, ನಿಮ್ಮ ಬಾಣಲೆಯ ಫೋಟೋ ಇನ್ನೊಂದು ಸಲ ಹಗಲು ಬೆಳಕಿನಲ್ಲಿ ತೆಗೆದು ಹಾಕಿ. ಒಳಗೆ ಕಾಣುತ್ತಿರುವುದು ತುಕ್ಕಾ, ಹಳೆ ಎಣ್ಣೆಯ ಕಂದಾ ಅಂತ ಈ ಫೋಟೋದಲ್ಲಿ ಗೊತ್ತಾಗುತ್ತಿಲ್ಲ. ಬಿಳಿ ಬಟ್ಟೆಯಿಂದ ಒಂದು ಸಲ ಒರೆಸಿ, ಬಟ್ಟೆಗೆ ಯಾವ ಬಣ್ಣ ಬಂತು ಅನ್ನುವುದನ್ನೂ ತೋರಿಸಿ.