ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗಳಿಗೆ ಸಕ್ಕರೆ ಕಾಯಿಲೆ: ಅನ್ನ, ತುಪ್ಪ ಬಿಡಿಸಬೇಕೆ?

ಪ್ರಶ್ನೆ | ಮಂಡ್ಯದ ತಾಯಿ
ಮಗಳಿಗೆ 12 ವರ್ಷ, ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಜೀರ್ಣಾಂಗಗಳಲ್ಲಿ ಸ್ರಾವ ಅಂಟಾಗುವ ಹುಟ್ಟು ಕಾಯಿಲೆ) ಇದೆ. ಈಚೆಗೆ ತೂಕ ಏರುತ್ತಿಲ್ಲ, ಕೆಮ್ಮು ಹೆಚ್ಚಾಗಿದೆ. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 228. ಮತ್ತೊಮ್ಮೆ ಮಾಡಿಸಿದಾಗಲೂ 200 ದಾಟಿತು. ಬರಿಹೊಟ್ಟೆಯಲ್ಲಿ 98 ಮಾತ್ರ. ವೈದ್ಯರು ಇನ್ಸುಲಿನ್ ಬರೆದಿದ್ದಾರೆ. ಅತ್ತೆಯವರಿಗೂ ಸಕ್ಕರೆ ಕಾಯಿಲೆ. ತಮ್ಮ ಹಾಗೆಯೇ ಅವಳಿಗೂ ಅನ್ನ, ತುಪ್ಪ ಬಿಡಿಸಿ ಮುದ್ದೆ ಮಾತ್ರ ಕೊಡು ಎನ್ನುತ್ತಾರೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 5.9 ಇರುವಾಗ ಇನ್ಸುಲಿನ್ ಏಕೆ ಎಂದು ನೆಂಟರೊಬ್ಬರ ವಾದ. ಯಾರ ಮಾತು ಕೇಳಲಿ?

ಉತ್ತರ | ಮೈಸೂರಿನ ತಂದೆ
ವೈದ್ಯರ ಮಾತನ್ನು ಕೇಳಿ, ದಯವಿಟ್ಟು ತಟ್ಟೆಗೆ ಕೈ ಹಾಕಬೇಡಿ. ನನ್ನ ಮಗನಿಗೂ ಇದೇ ಜೋಡಿ ಕಾಯಿಲೆ. ಅತ್ತೆಯವರ ಸಕ್ಕರೆಯೇ ಬೇರೆ, ಈ ಮಕ್ಕಳದ್ದೇ ಬೇರೆ. ಅಂಟಾದ ಸ್ರಾವ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯನ್ನು ವರ್ಷಾನುಗಟ್ಟಲೆ ಕೆಡಿಸುತ್ತದೆ. ಇನ್ಸುಲಿನ್ ಸಾಲದೆ ಹೋಗುತ್ತದೆ. ಅದು ಸಾಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ತೂಕ ಇಳಿದರೆ ಶ್ವಾಸಕೋಶವೂ ಸೊರಗುತ್ತದೆ. ಊಟ ಕಡಿಮೆ ಮಾಡಿ ಸಕ್ಕರೆ ಇಳಿಸಿದರೆ ಮಗುವೇ ಇಳಿದುಹೋಗುತ್ತದೆ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಕೂಡಿಸಬೇಕೇ ಹೊರತು ಇನ್ಸುಲಿನ್‌ಗೆ ಹೆದರಿ ಊಟ ಕಳೆಯಬಾರದು.

ನಮ್ಮಲ್ಲಿ ಮುದ್ದೆಯೂ ಉಂಟು, ಬಸ್ಸಾರಿನ ಮೇಲೆ ತುಪ್ಪವೂ ಉಂಟು. ತಿಂದದ್ದು ಜೀರ್ಣವಾಗಲು ಕೊಡುವ ಎಂಜೈಮ್ ಕ್ಯಾಪ್ಸೂಲ್ ಊಟದ ಜೊತೆಯಲ್ಲೇ. ಈ ಮಕ್ಕಳ ಬೆವರಿನಲ್ಲಿ ಉಪ್ಪು ಹೆಚ್ಚು ಹೋಗುವುದರಿಂದ ಬೇಸಿಗೆಯಲ್ಲಿ ಉಪ್ಪು ಇನ್ನೂ ಬೇಕು. ನಾವು ದೂರವಿಟ್ಟಿರುವುದು ಕಬ್ಬಿನ ಹಾಲು, ತಂಪು ಪಾನೀಯ: ಸಕ್ಕರೆ ತಟ್ಟನೆ ಏರಿಸುತ್ತವೆ, ಪುಷ್ಟಿ ಕೊಡುವುದಿಲ್ಲ. ನಿಮ್ಮ ಊರಿನಲ್ಲಿ ಇದು ಕಷ್ಟವೆಂದು ಬಲ್ಲೆ.

ಉತ್ತರ | ಮಕ್ಕಳ ವಿಭಾಗದ ದಾದಿ, ಮೈಸೂರು
ಈ ಕಾಯಿಲೆಯಲ್ಲಿ ಎಚ್‌ಬಿಎ1ಸಿ ಸರಿಯಿದ್ದರೂ ಮಧುಮೇಹ ಇಲ್ಲವೆನ್ನಲಾಗದು. ಅದಕ್ಕೇ 10 ವರ್ಷದಿಂದ ಪ್ರತಿವರ್ಷ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಬರಿಹೊಟ್ಟೆಯ ಅಂಕಿಯನ್ನೂ ನಂಬಿ ಕೂರಬೇಡಿ. ಮೊದಲು ಏರುವುದು ಊಟದ ನಂತರದ್ದೇ. ಎದೆಯ ಸೋಂಕು ಬಂದಾಗ ಅಥವಾ ಸ್ಟೀರಾಯ್ಡ್ ಕೊಟ್ಟಾಗ ಸಕ್ಕರೆ ಹೆಚ್ಚುತ್ತದೆ, ಇನ್ಸುಲಿನ್ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಿ.

ಮಂಡ್ಯದ ತಾಯಿ
ಇಬ್ಬರಿಗೂ ಕೃತಜ್ಞತೆ. ಇದನ್ನು ಅತ್ತೆಯವರಿಗೆ ಓದಿ ಹೇಳುತ್ತೇನೆ. ಶಾಲೆಯಲ್ಲಿ ಸಕ್ಕರೆ ಇಳಿದರೆ?

ಉತ್ತರ | ಮೈಸೂರಿನ ತಂದೆ
ನಡುಕ, ಬೆವರು, ಮಂಕು ಕಂಡರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಚೀಟಿ ಬರೆದು ತರಗತಿ ಶಿಕ್ಷಕರಿಗೂ ಆಟದ ಮೇಷ್ಟ್ರಿಗೂ ಕೊಡಿ. ಆಟ ಮಾತ್ರ ನಿಲ್ಲಿಸಬೇಡಿ, ಕಫ ಸಡಿಲಾಗಲು ಅದು ಬೇಕು. ಮೈದಾನಕ್ಕೆ ಇಳಿಯುವ ಮೊದಲು ಒಮ್ಮೆ ಬೆರಳು ಚುಚ್ಚಿ ನೋಡಿಕೊಳ್ಳಲಿ.